ಅಲ್ ಥುಮಾಮಾದ ಬಯಲಿನಲ್ಲಿ ಜಪಾನಿನ ಟೋಲ್‌ಗೇಟು

ಕೆಲವರ ಬಾಯಿಗೆ ‘ಇಲ್ಲ’ ಎಂಬ ಮಾತು ಬರುವುದೇ ಇಲ್ಲ. ಅಂಥವರನ್ನು ಜನ ದಾನಶೂರರೆಂದು ಹೊಗಳುತ್ತಾರೆ. ನನ್ನ ಬಾಯಿಗೂ ಅದು ಬರುವುದಿಲ್ಲ, ಆದರೆ ನನ್ನನ್ನು ಯಾರೂ ಹೊಗಳಿದ್ದಿಲ್ಲ. ಯಾಕೆಂದರೆ ನಾನು ಹೇಳಲಾರದ್ದು ‘ಕೊಡಲು ಇಲ್ಲ’ ಎಂದಲ್ಲ, ‘ನನಗೆ ಬರುವುದಿಲ್ಲ’ ಎಂದು. ‘ನಿಮಗೆ ಇದು ಬರುತ್ತದೆಯೇ?’ ಎಂದು ಯಾರಾದರೂ ಕೇಳಿದರೆ ಸಾಕು, ಪ್ರಶ್ನೆ ಮುಗಿಯುವ ಮೊದಲೇ ನನ್ನ ತಲೆ ಮೇಲೆ ಕೆಳಗೆ ಆಡಿಬಿಡುತ್ತದೆ. ಇದು ಹುಟ್ಟುಗುಣವಲ್ಲ, ಕಲಿತದ್ದು. ಗಲ್ಫಿಗೆ ಬರುವ ಮುನ್ನ ಬೊಂಬಾಯಿಯಲ್ಲಿ ನಮ್ಮನ್ನೆಲ್ಲ ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂರಿಸಿ ಏಜೆಂಟ್ ಹೇಳಿಕೊಟ್ಟ ಪಾಠ ಒಂದೇ: ‘ಒಳಗೆ ಸಾಹೇಬರು ಏನು ಕೇಳಿದರೂ ಯಸ್ ಸರ್ ಅನ್ನಿ. ಬರುತ್ತದೋ ಇಲ್ಲವೋ, ವಿಮಾನ ಹತ್ತಿದ ಮೇಲೆ ಯೋಚಿಸಿದರಾಯಿತು.’ ನನ್ನ ಪಕ್ಕದಲ್ಲಿ ಕೂತಿದ್ದ ಕಾರ್ಕಳದ ಕಡೆಯವನೊಬ್ಬ ಊರಿನ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದವನು. ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಪೈಪ್ ಫಿಟ್ಟರ್ ಆಗಿದ್ದ. ನನ್ನನ್ನು ‘ಸ್ಟೋರಿನಲ್ಲಿ ಅನುಭವ ಇದೆಯೇ?’ ಎಂದು ಕೇಳಿದರು. ನಮ್ಮ ಮಾವನ ರೇಷನ್ ಅಂಗಡಿಯಲ್ಲಿ ರಜೆಯ ದಿನಗಳಲ್ಲಿ ಸೀಮೆಎಣ್ಣೆ ಅಳೆದು ಕೊಟ್ಟದ್ದು ನೆನಪಾಗಿ ನಾನೂ ಯಸ್ ಸರ್ ಅಂದೆ. ಹೀಗೆ ಬಂದವರೇ ನಾವೆಲ್ಲ. ಬಂದ ಮೇಲೆ ನಿಜವಾಗಿಯೂ ಕಲಿತೆವು ಎನ್ನುವುದು ನಮ್ಮ ಪುಣ್ಯ. ಇಲ್ಲಿನ ಕೆಲವು ಕಟ್ಟಡಗಳ ಪುಣ್ಯವೂ ಹೌದು.

ನಾನು ಹೇಳಹೊರಟಿರುವುದು ತೊಂಬತ್ತರ ದಶಕದ ನಡುವಿನ ಮಾತು. ಕತಾರಿನ ಉತ್ತರ ತುದಿಯಲ್ಲಿ ಗ್ಯಾಸಿನ ದೊಡ್ಡ ದೊಡ್ಡ ಸ್ಥಾವರಗಳು ಏಳುತ್ತಿದ್ದವು. ಅಲ್ಲಿಗೆ ಪಂಪುಗಳನ್ನು ಒದಗಿಸುವ ಜಪಾನಿನ ಕಂಪನಿಯೊಂದರ ಗೋದಾಮು ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿತ್ತು. ಅಲ್ಲಿ ನಾನು ಬಿಡಿಭಾಗಗಳ ಗುಮಾಸ್ತ. ವಾಷರು, ಸೀಲು, ಬೇರಿಂಗುಗಳನ್ನು ನಂಬರು ನೋಡಿ ಎತ್ತಿಡುವುದು, ಕೇಳಿದವರಿಗೆ ನಂಬರು ನೋಡಿ ಎತ್ತಿಕೊಡುವುದು. ಅವು ಪಂಪಿನ ಒಳಗೆ ಹೋಗಿ ಏನು ಮಾಡುತ್ತವೆ ಎಂಬುದನ್ನು ಒಂಬತ್ತು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಕೇಳಿದರೆ ಗೊತ್ತಿಲ್ಲವೆಂದು ಗೊತ್ತಾಗುತ್ತದಲ್ಲ. ನಮ್ಮ ಮ್ಯಾನೇಜರ್ ಒಗಾಟಾ ಸಾನ್. ಸಾನ್ ಎಂದರೆ ಜಪಾನಿನವರು ಮರ್ಯಾದೆಗೆ ಹಚ್ಚುವ ಬಾಲ. ಅವರು ನನ್ನನ್ನೂ ಶೆಟ್ಟಿ ಸಾನ್ ಎಂದೇ ಕರೆಯುತ್ತಿದ್ದರು. ಎಲ್ಲರಿಗಿಂತ ಮೊದಲು ಬಂದು ತಮ್ಮ ಮೇಜನ್ನು ತಾವೇ ಒರೆಸಿಕೊಳ್ಳುವ ತೆಳ್ಳಗಿನ ಮನುಷ್ಯ. ಅವರು ನಕ್ಕಿದ್ದನ್ನು ಕಂಡವರಿರಲಿಲ್ಲ, ಬೈದದ್ದನ್ನು ಕೇಳಿದವರೂ ಇರಲಿಲ್ಲ. ಬೈಯದ ಮ್ಯಾನೇಜರನಿಗೆ ಹೆದರುವಷ್ಟು ಬೈಯುವವನಿಗೆ ಹೆದರಬೇಕಾಗಿಲ್ಲ.

ಆ ವರ್ಷ ನನ್ನ ಹೆಂಡತಿ ಸುಮತಿ ಮೊದಲ ಬಾರಿಗೆ ದೋಹಾಕ್ಕೆ ಬಂದಿದ್ದಳು. ಮದುವೆಯಾಗಿ ಆರು ವರ್ಷವಾಗಿತ್ತು. ಒಟ್ಟಿಗೆ ಇದ್ದ ದಿನಗಳನ್ನೆಲ್ಲ ಕೂಡಿಸಿದರೆ ಒಂದು ವರ್ಷವೂ ತುಂಬುತ್ತಿರಲಿಲ್ಲ. ಬಂದದ್ದು ವಿಸಿಟ್ ವೀಸಾದ ಮೇಲೆ. ಆರು ತಿಂಗಳಾದರೆ ಖಲಾಸ್, ಹಿಂದೆ ಹೋಗಬೇಕು. ಹೆಂಡತಿಯನ್ನು ಕಾಯಂ ಆಗಿ ಇಟ್ಟುಕೊಳ್ಳಲು ಕಂಪನಿ ‘ಫ್ಯಾಮಿಲಿ ಸ್ಟೇಟಸ್’ ಕೊಡಬೇಕು, ಅದು ನನ್ನ ದರ್ಜೆಯ ಗುಮಾಸ್ತರಿಗೆ ಇಲ್ಲ. ವಿಮಾನ ನಿಲ್ದಾಣದ ಹತ್ತಿರ, ಅಲ್ ಥುಮಾಮಾದ ಹಳೆಯ ವಿಲ್ಲಾ ಒಂದರ ಹಿಂಬದಿಯ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ನಮ್ಮ ಸಂಸಾರ. ಮುಂಬದಿಯಲ್ಲಿ ಹಮೀದ್ ಬ್ಯಾರಿಗಳ ಕುಟುಂಬ. ಉಳ್ಳಾಲದವರು, ದಿನಾ ಅಲ್ ಖೋರ್‌ಗೆ ಕಂಪನಿ ಬಸ್ಸು ಓಡಿಸುವವರು, ನಮಗೆ ಆ ಕೋಣೆ ಕೊಡಿಸಿದವರೂ ಅವರೇ. ತಲೆಯ ಮೇಲೆ ವಿಮಾನ ಹಾದಾಗಲೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು. ಸುಮತಿ ಮೊದಮೊದಲು ಕುತೂಹಲದಿಂದ ಹೊರಗೆ ಓಡಿ ನೋಡುತ್ತಿದ್ದಳು. ಮೂರು ತಿಂಗಳಾದ ಮೇಲೆ ವಿಮಾನದ ಶಬ್ದ ಕೇಳಿದರೆ ಸುಮ್ಮನಾಗುತ್ತಿದ್ದಳು. ಅವಳು ಏನು ಲೆಕ್ಕ ಹಾಕುತ್ತಿದ್ದಾಳೆಂದು ನನಗೆ ತಿಳಿಯುತ್ತಿತ್ತು, ನಾನೂ ಅದನ್ನೇ ಹಾಕುತ್ತಿದ್ದೆ.

ಅಂಥ ದಿನಗಳಲ್ಲಿ ಒಗಾಟಾ ಸಾನ್ ನನ್ನನ್ನು ಒಳಗೆ ಕರೆದರು. ಬಿಡಿಭಾಗಗಳ ವಿಭಾಗಕ್ಕೆ ಒಬ್ಬ ಮೇಲ್ವಿಚಾರಕ ಬೇಕು. ಆರು ವಾರ ಜಪಾನಿನ ಕಾರ್ಖಾನೆಯಲ್ಲಿ ತರಬೇತಿ. ತರಬೇತಿಯ ವರದಿ ಒಳ್ಳೆಯದಾಗಿ ಬಂದರೆ ಹುದ್ದೆ, ಹುದ್ದೆಯ ಜೊತೆಗೆ ಫ್ಯಾಮಿಲಿ ಸ್ಟೇಟಸ್. ಅವರು ಇದನ್ನೆಲ್ಲ ಹವಾಮಾನ ವರದಿ ಓದುವ ದನಿಯಲ್ಲಿ ಹೇಳಿದರು. ನನ್ನ ಕಿವಿಯಲ್ಲಿ ಮಾತ್ರ ಕೊನೆಯ ಎರಡು ಶಬ್ದ ತಮಟೆ ಬಾರಿಸುತ್ತಿದ್ದವು. ಆಮೇಲೆ ಅವರು ಕೇಳಿದರು, ‘ಶೆಟ್ಟಿ ಸಾನ್, ಕಾರ್ಖಾನೆ ಎರಡು ಊರುಗಳಲ್ಲಿದೆ. ನಡುವೆ ಎಕ್ಸ್‌ಪ್ರೆಸ್‌ವೇ, ಎರಡು ಗಂಟೆಯ ದಾರಿ. ಟೋಲ್‌ಗೇಟುಗಳಿರುತ್ತವೆ. ಇಬ್ಬರನ್ನು ಕಳಿಸುತ್ತೇವೆ, ಒಬ್ಬರು ಕಾರು ಓಡಿಸಬೇಕು. ಕಾಗದಪತ್ರ ನಾವು ಮಾಡಿಸುತ್ತೇವೆ. ನಿಮಗೆ ಓಡಿಸಲು ಬರುತ್ತದೆಯೇ?’ ತಲೆ ಮೇಲೆ ಕೆಳಗೆ ಆಡಿತು. ‘ನೋ ಪ್ರಾಬ್ಲಮ್’ ಎಂದೆ. ಅವರು ಸಮಾಧಾನದಿಂದ, ‘ಅಲ್ಲಿ ರಸ್ತೆಯ ಎಡಗಡೆಗೆ ಓಡಿಸಬೇಕು. ಭಾರತದಲ್ಲೂ ಹಾಗೆಯೇ ಅಲ್ಲವೇ? ನಿಮಗೆ ಸುಲಭ’ ಎಂದರು. ನಾನು ಭಾರತದಲ್ಲಿ ರಸ್ತೆಯ ಎಡಗಡೆಗೆ ಓಡಿಸಿದ್ದು ಸೈಕಲ್ಲು, ಅದೂ ಬಾಡಿಗೆಯದು. ಅದನ್ನು ಹೇಳಲು ಅದು ಸಮಯವಲ್ಲವೆಂದು ತೋರಿತು.

ನನ್ನ ಡ್ರೈವಿಂಗಿನ ಬಗ್ಗೆ ಓದುಗರಿಗಾದರೂ ನಿಜ ಹೇಳಬೇಕು. ಕತಾರಿನ ಲೈಸೆನ್ಸು ನನಗೆ ಸಿಕ್ಕಿದ್ದು ಏಳನೆಯ ಪ್ರಯತ್ನದಲ್ಲಿ. ಆರನೆಯ ಸಲ ಪರೀಕ್ಷೆ ಮಾಡಿದ ಅಧಿಕಾರಿಯೇ ಏಳನೆಯ ಸಲವೂ ಸಿಕ್ಕಿದರು. ಎಂಟನೆಯ ಸಲ ನನ್ನ ಪಕ್ಕದಲ್ಲಿ ಕೂರುವುದನ್ನು ತಪ್ಪಿಸಿಕೊಳ್ಳಲು ಪಾಸು ಮಾಡಿದರೆಂದು ಹಮೀದ್ ಬ್ಯಾರಿಗಳ ಅಭಿಪ್ರಾಯ. ಲೈಸೆನ್ಸು ಬಂದ ಮೇಲೆ ಒಂದು ಹಳೆಯ ಕಾರು ಕೊಂಡು ಮನೆಯಿಂದ ಗೋದಾಮಿಗೆ, ಗೋದಾಮಿನಿಂದ ಮನೆಗೆ ಓಡಿಸುತ್ತಿದ್ದೆ. ಆಗಿನ ದೋಹಾದಲ್ಲಿ ಎಲ್ಲಿ ನೋಡಿದರೂ ರೌಂಡ್‌ಅಬೌಟುಗಳು. ಒಳಗೆ ನುಗ್ಗುವುದು ನನಗೆ ಹೇಗೋ ಬರುತ್ತಿತ್ತು. ಹೊರಗೆ ಬರುವುದೇ ಕಷ್ಟ. ನನ್ನ ದಾರಿ ಬರುವಷ್ಟರಲ್ಲಿ ಪಕ್ಕದಲ್ಲಿ ಯಾರೋ ಇರುತ್ತಿದ್ದರು, ಅವರಿಗೆ ಬಿಟ್ಟುಕೊಟ್ಟು ಇನ್ನೊಂದು ಸುತ್ತು ಹಾಕುತ್ತಿದ್ದೆ. ಒಮ್ಮೆ ಐದು ಸುತ್ತು ಹಾಕಿದಾಗ ಪಕ್ಕದ ಟ್ರಕ್ಕಿನ ಪಠಾಣ ಕಿಟಕಿಯಿಂದ ಕೈ ಹೊರಗೆ ಹಾಕಿ ಸಲಾಂ ಮಾಡಿ ತಾನು ನಿಂತು ನನಗೆ ದಾರಿ ಬಿಟ್ಟ. ಅಲ್ ಥುಮಾಮಾ ಬಿಟ್ಟು ಬೇರೆ ಕಡೆಗೆ ಹೆಂಡತಿಯನ್ನು ಕರೆದುಕೊಂಡು ಹೋಗಬೇಕಾದರೆ ನಾನು ಹಮೀದ್ ಬ್ಯಾರಿಗಳ ಕಾಲು ಹಿಡಿಯುತ್ತಿದ್ದೆ.

ಮನೆಗೆ ಬಂದು ಸುಮತಿಗೆ ವಿಷಯ ಹೇಳಿದೆ. ಅವಳು ಮೊದಲು ಕಣ್ಣೊರೆಸಿಕೊಂಡಳು, ಆಮೇಲೆ ಕೇಳಿದಳು, ‘ಕಾರು ಯಾರು ಓಡಿಸುವುದು?’ ಹೆಂಗಸರಿಗೆ ಮುಳ್ಳು ಎಲ್ಲಿದೆಯೆಂದು ಬೇಗ ಗೊತ್ತಾಗುತ್ತದೆ. ‘ನಾನು’ ಎಂದೆ. ಅವಳು ಹಮೀದ್ ಬ್ಯಾರಿಗಳನ್ನು ಕರೆದಳು. ಒಗಾಟಾ ಸಾನ್ ನನಗೆ ಜಪಾನಿನ ಎಕ್ಸ್‌ಪ್ರೆಸ್‌ವೇಯ ಬಗ್ಗೆ ಇಂಗ್ಲಿಷಿನ ಒಂದು ಸಣ್ಣ ಪುಸ್ತಕ ಕೊಟ್ಟಿದ್ದರು, ತುಂಬ ಚಿತ್ರಗಳಿದ್ದವು. ಮೂವರೂ ಚಹಾ ಕುಡಿಯುತ್ತ ಅದನ್ನು ಓದಿದೆವು. ಒಳಗೆ ಹೋಗುವಾಗ ಗೇಟಿನಲ್ಲಿ ಒಂದು ಟಿಕೆಟು ತೆಗೆದುಕೊಳ್ಳಬೇಕು. ಹೊರಗೆ ಬರುವಾಗ ಅದನ್ನು ಕೊಟ್ಟು, ಬಂದ ದೂರಕ್ಕೆ ತಕ್ಕಂತೆ ಹಣ ಕಟ್ಟಬೇಕು. ನಡುವೆ ನಿಲ್ಲಿಸುವಂತಿಲ್ಲ, ಹಿಂದೆ ತಿರುಗುವಂತಿಲ್ಲ, ಟಿಕೆಟು ಕಳೆದರೆ ದೊಡ್ಡ ರಗಳೆ. ಇಳಿಯುವ ದಾರಿ ತಪ್ಪಿದರೆ ಮುಂದಿನ ಗೇಟಿಗೆ ಹೋಗಿ ಅಲ್ಲಿರುವವರಿಗೆ ಹೇಳಬೇಕು.

‘ರೌಂಡ್‌ಅಬೌಟ್ ಇಲ್ವಾ?’ ಎಂದು ನಾನು ಕೇಳಿದೆ.

‘ಇಲ್ಲ ಶೆಟ್ರೇ. ಅದು ನಿಮ್ಮ ಪುಣ್ಯ ಅಂತ ಹೇಳ್ಬೇಕಾ, ಪಾಪ ಅಂತ ಹೇಳ್ಬೇಕಾ ನನಗೆ ಗೊತ್ತಾಗುದಿಲ್ಲ’ ಎಂದರು ಹಮೀದ್ ಬ್ಯಾರಿಗಳು. ‘ಶುಕ್ರವಾರ ಬೆಳಿಗ್ಗೆ ಇಲ್ಲೇ ಬಯಲಲ್ಲಿ ಪ್ರಾಕ್ಟೀಸ್ ಮಾಡುವ. ಗೇಟು ನಾವೇ ಮಾಡುವ.’

ಶುಕ್ರವಾರ ರಜೆ. ಮನೆಯ ಹಿಂದಿನ ಮರಳು ಬಯಲಿನಲ್ಲಿ ಎರಡು ನೀರಿನ ಡ್ರಮ್ಮುಗಳನ್ನಿಟ್ಟು, ನಡುವೆ ಕಾರು ಹೋಗುವಷ್ಟು ಜಾಗ ಬಿಟ್ಟು ಅದನ್ನು ಪ್ರವೇಶದ ಗೇಟು ಎಂದು ಮಾಡಿದೆವು. ಅಲ್ಲಿ ಸುಮತಿ, ಮಡಚುವ ಕುರ್ಚಿಯಲ್ಲಿ, ಬಿಸಿಲಿಗೆ ಕೊಡೆ ಹಿಡಿದು. ದೂರದಲ್ಲಿ ಇನ್ನೆರಡು ಡ್ರಮ್ಮು, ಅದು ನಿರ್ಗಮನ. ಅಲ್ಲಿ ಹಮೀದ್ ಬ್ಯಾರಿಗಳು. ಟಿಕೆಟಿಗೆ ಲಾಂಡ್ರಿಯ ಹಳೆಯ ಚೀಟಿಗಳು. ಜಪಾನಿನಲ್ಲಿ ಡ್ರೈವರ್ ಕೂರುವುದು ಬಲಕ್ಕೆ, ಗೇಟಿನವರು ಇರುವುದೂ ಬಲಕ್ಕೆ. ನಮ್ಮ ಕಾರಿನಲ್ಲಿ ಎಲ್ಲ ಎಡಕ್ಕೆ. ‘ಕೈ ಯಾವುದಾದ್ರೇನು, ಮೊದಲು ಗೇಟಿನ ಹತ್ರ ಕಾರು ನಿಲ್ಲಿಸ್ಲಿಕ್ಕೆ ಕಲೀರಿ’ ಎಂದರು ಗುರುಗಳು. ಮೊದಲ ಸಲ ನಾನು ಸುಮತಿಯಿಂದ ಆರಡಿ ದೂರ ನಿಲ್ಲಿಸಿದೆ. ಅವಳು ಕುರ್ಚಿಯಿಂದ ಏಳಲಿಲ್ಲ. ‘ಅಲ್ಲಿ ಯಾರೂ ಎದ್ದು ಬಂದು ಕೊಡುದಿಲ್ಲ ಅಂತ ಪುಸ್ತಕದಲ್ಲಿ ಉಂಟು’ ಎಂದಳು. ಎರಡನೆಯ ಸಲ ಹತ್ತಿರ ಹೋದೆ, ಡ್ರಮ್ಮು ಉರುಳಿತು. ಐದನೆಯ ಸಲ ಚೀಟಿ ಕೈಗೆ ಬಂತು, ಆದರೆ ಇನ್ನೊಂದು ತುದಿಗೆ ತಲುಪುವಷ್ಟರಲ್ಲಿ ಅದನ್ನು ಎಲ್ಲಿಟ್ಟೆನೆಂದು ಮರೆತುಹೋಯಿತು. ಹಮೀದ್ ಬ್ಯಾರಿಗಳು ನನ್ನನ್ನು ಗೇಟು ದಾಟಲು ಬಿಡಲಿಲ್ಲ. ಸುಮತಿ ಕೊಡೆ ಮಡಚಿ ಅಷ್ಟು ದೂರ ನಡೆದು ಬಂದು, ನನ್ನ ಅಂಗಿಯ ಜೇಬು, ಪ್ಯಾಂಟಿನ ಜೇಬು, ಸೀಟಿನ ಸಂದು ಎಲ್ಲ ಶೋಧಿಸಿ ಅದನ್ನು ನಾನು ಕೂತಿದ್ದಲ್ಲಿಂದಲೇ ಎತ್ತಿದಳು. ‘ಇನ್ನು ಮೇಲೆ ಟಿಕೆಟು ಕಣ್ಣಿಗೆ ಕಾಣುವ ಕಡೆ ಇರ್ಬೇಕು. ಜೇಬಿಗೆ ಹಾಕಿದ್ರೆ ನೋಡಿ ಮತ್ತೆ’ ಎಂದಳು. ನಾನು ಕಂಡ ಯಾವ ಸರಕಾರಿ ಅಧಿಕಾರಿಗೂ ಅವಳಷ್ಟು ಬೇಗ ಅಧಿಕಾರ ಒಗ್ಗಿದ್ದಿಲ್ಲ.

ಗೋಳಿಬಜೆ ತಿಂದು ಎಂಟನೆಯ ಸುತ್ತಿಗೆ ತಯಾರಾಗುತ್ತಿದ್ದಾಗ ಪೊಲೀಸ್ ಜೀಪು ಬಂತು. ಬಯಲಿನಲ್ಲಿ ಡ್ರಮ್ಮಿಟ್ಟು ಕಾರು ತಡೆದು ಚೀಟಿ ಕೊಡುತ್ತಿರುವ ಕೊಡೆಯ ಹೆಂಗಸನ್ನು ಕಂಡರೆ ಯಾವ ಪೊಲೀಸನೂ ನಿಲ್ಲಿಸಿಯಾನು. ಇಳಿದವನು ಎಳೆಯ ಗಡ್ಡದ ಕತಾರಿ ಹುಡುಗ. ‘ಶೂ ಹಾದಾ?’ ಎಂದ. ಇದೇನು ಎಂದು ಅರ್ಥ. ವಿಸಿಟ್ ವೀಸಾದಲ್ಲಿರುವ ಹೆಂಡತಿ, ಪೊಲೀಸ್ ಕೇಸು, ಕಂಪನಿಗೆ ಫೋನು, ಒಗಾಟಾ ಸಾನ್ ಮುಖ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಅವನು ಮುಂದುವರಿದು ಇದಕ್ಕೆಲ್ಲ ಬಲದಿಯಾದಿಂದ, ಅಂದರೆ ನಗರಸಭೆಯಿಂದ, ಅನುಮತಿ ಇದೆಯೇ ಎಂದು ಕೇಳಿದ. ಬೊಂಬಾಯಿಯ ಬೆಂಚು ನನ್ನ ಬೆನ್ನಿಗೆ ಅಂಟಿಕೊಂಡೇ ಬಂದಿದೆ ನೋಡಿ: ‘ಯಸ್ ಸರ್’ ಎಂದೆ. ‘ತೋರಿಸು’ ಎಂದ. ಹಮೀದ್ ಬ್ಯಾರಿಗಳು ಆಕಾಶ ನೋಡತೊಡಗಿದರು.

ಆಗ ಸುಮತಿ ಕುರ್ಚಿಯಿಂದ ಎದ್ದಳು. ಅವಳು ಊರಿನಲ್ಲಿ ಹಿಂದಿಯ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದವಳು. ‘ಶ್ರೀಮಾನ್, ಅನುಮತಿ ನಹೀಂ ಹೈ’ ಎಂದು ಶುರುಮಾಡಿ, ‘ಮೇರೆ ಪತಿ ಕೋ ಗಾಡಿ ಚಲಾನಾ ನಹೀಂ ಆತಾ’ ಎಂದಳು. ನನ್ನ ಗಂಡನಿಗೆ ಕಾರು ಓಡಿಸಲು ಬರುವುದಿಲ್ಲ, ಜಪಾನಿಗೆ ಹೋಗಿ ಓಡಿಸಬೇಕಾಗಿದೆ, ಅದಕ್ಕೆ ಕಲಿಸುತ್ತಿದ್ದೇವೆ, ಇದು ಜಪಾನಿನ ಗೇಟು. ಪುಸ್ತಕದ ಚಿತ್ರವನ್ನೂ ತೆಗೆದು ತೋರಿಸಿದಳು. ಪೊಲೀಸ್ ಹುಡುಗ ಚಿತ್ರ ನೋಡಿದ, ಡ್ರಮ್ಮು ನೋಡಿದ, ನನ್ನನ್ನು ನೋಡಿದ. ನನ್ನನ್ನು ನೋಡಿದ ಮೇಲೆ ಅವನಿಗೆ ನಂಬಿಕೆ ಬಂತು. ನಕ್ಕ. ‘ಯಲ್ಲಾ, ಹಮ್ ಭೀ ಜಾತಾ’, ನಡೆಯಿರಿ, ನಾನೂ ಹೋಗುತ್ತೇನೆ ಎಂದು ಜೀಪು ಹತ್ತಿ, ಸುಮತಿಯ ಪಕ್ಕದಲ್ಲಿ ಒಂದು ಗೇಣು ಬಿಟ್ಟು ನಿಲ್ಲಿಸಿ, ಲಾಂಡ್ರಿ ಚೀಟಿ ತೆಗೆದುಕೊಂಡು, ಆ ತುದಿಯಲ್ಲಿ ಅದನ್ನು ಹಮೀದ್ ಬ್ಯಾರಿಗಳಿಗೆ ಒಪ್ಪಿಸಿದ. ‘ಫುಲೂಸ್?’ ಎಂದು ಕೇಳಿದ, ಹಣ ಎಷ್ಟು ಎಂದು. ‘ಮಾಫಿ ಫುಲೂಸ್’, ಹಣವೇನೂ ಇಲ್ಲ ಎಂದರು ಬ್ಯಾರಿಗಳು ಕೈಮುಗಿಯುವಂತೆ. ಹೋಗುವ ಮುಂಚೆ ಡ್ರಮ್ಮು ಎತ್ತಬೇಕೆಂದು ಹೇಳಿ, ನನ್ನ ಕಡೆ ಬೆರಳು ತೋರಿಸಿ ‘ಇಸ್ಕೋ ಧೀರೆ ಧೀರೆ ಸಿಖಾವ್’, ಇವನಿಗೆ ನಿಧಾನವಾಗಿ ಕಲಿಸು ಎಂದು ಸುಮತಿಗೆ ಬುದ್ಧಿ ಹೇಳಿದ.

ಡ್ರಮ್ಮು ಉರುಳಿಸಿಕೊಂಡು ಮನೆಗೆ ಬರುವಾಗ ಸುಮತಿ ಹೇಳಿದಳು, ‘ನಾಳೆ ಆ ಜಪಾನಿನವರ ಹತ್ರ ನಿಜ ಹೇಳಿ.’

‘ಹೇಳಿದ್ರೆ ಬೇರೆಯವರನ್ನು ಕಳಿಸ್ತಾರೆ. ನಿನ್ನ ವೀಸಾ ಮುಗಿದ್ರೆ ನೀನು ಊರಿಗೆ.’

‘ವೀಸಾ ಮುಗಿದ್ರೆ ನಾನು ಊರಿಗೆ ಹೋಗ್ತೇನೆ. ನೀವು ಜಪಾನಿನಲ್ಲಿ ಗೋಡೆಗೆ ಹೊಡೆದ್ರೆ ಎಲ್ಲಿಗೆ ಹೋಗ್ತೀರಿ?’

ಅವಳು ಹೇಳಿದ್ದು ಸರಿಯೇ. ಆದರೂ ನಿಜ ಹೇಳಲಿಲ್ಲ. ಮಾರನೆಯ ದಿನ ಒಗಾಟಾ ಸಾನ್ ಕೋಣೆಯ ಬಾಗಿಲವರೆಗೆ ಹೋದೆ, ಅವರು ತಲೆ ಎತ್ತಿದರು, ಪ್ರಾಕ್ಟೀಸ್ ಚೆನ್ನಾಗಿ ನಡೆಯುತ್ತಿದೆ ಎಂದು ಹೇಳಿ ಬಂದೆ. ಸುಮತಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, ಹೋಗುವುದೇ ಆದರೆ ಸರಿಯಾಗಿ ಕಲಿತಾದರೂ ಹೋಗಿ ಎಂದು ಹಮೀದ್ ಬ್ಯಾರಿಗಳಿಗೆ ನನ್ನನ್ನು ಒಪ್ಪಿಸಿದಳು. ಮುಂದಿನ ನಾಲ್ಕು ಶುಕ್ರವಾರ ಅವರು ನನ್ನನ್ನು ಅಲ್ ಖೋರ್ ರಸ್ತೆಯಲ್ಲಿ ಓಡಿಸಿದರು. ನೇರ ರಸ್ತೆ, ಎರಡೂ ಕಡೆ ಏನೂ ಇಲ್ಲದ ಮರುಭೂಮಿ, ಡಿಕ್ಕಿ ಹೊಡೆಯಬೇಕೆಂದರೂ ವಸ್ತು ಸಿಗುವುದಿಲ್ಲ. ಅಲ್ಲಿ ನಾನು ಚೆನ್ನಾಗಿಯೇ ಓಡಿಸಿದೆ. ನಾಲ್ಕನೆಯ ವಾರ ಬ್ಯಾರಿಗಳು ಪಕ್ಕದಲ್ಲಿ ಕೂತು ನಿದ್ದೆ ಮಾಡಿದರು. ನನ್ನ ಜೀವನದಲ್ಲಿ ಸಿಕ್ಕಿದ ಪ್ರಮಾಣಪತ್ರಗಳಲ್ಲಿ ಅದೇ ದೊಡ್ಡದು.

ಜಪಾನಿಗೆ ನನ್ನ ಜೊತೆ ಬಂದವನು ರೋಲಿ ಎಂಬ ಫಿಲಿಪಿನೊ ಮೆಕ್ಯಾನಿಕ್. ಪಂಪಿನ ಹೊಟ್ಟೆಯೊಳಗಿನದೆಲ್ಲ ಅವನಿಗೆ ಗೊತ್ತು, ಲೈಸೆನ್ಸು ಮಾತ್ರ ಇಲ್ಲ. ಮೊದಲ ಮೂರು ವಾರ ಒಂದನೆಯ ಕಾರ್ಖಾನೆಯಲ್ಲಿ ಕಳೆದವು. ನಾನು ಒಂಬತ್ತು ವರ್ಷ ನಂಬರು ನೋಡಿ ಎತ್ತಿಕೊಟ್ಟ ಸೀಲುಗಳು ಎಲ್ಲಿ ಕೂರುತ್ತವೆ, ತಪ್ಪಾದದ್ದು ಕೂತರೆ ಏನಾಗುತ್ತದೆ ಎಂದು ಅಲ್ಲಿ ಕಣ್ಣಾರೆ ಕಂಡೆ. ಕಂಡು ಬೆವರಿದೆ. ನಾಲ್ಕನೆಯ ವಾರ ಎರಡನೆಯ ಕಾರ್ಖಾನೆಗೆ ಹೋಗಬೇಕಾದ ಬೆಳಿಗ್ಗೆ ನಮಗೊಂದು ಸಣ್ಣ ಬಿಳಿ ಕಾರು ಕೊಟ್ಟರು. ಹತ್ತು ಗಂಟೆಗೆ ಅಲ್ಲಿರಬೇಕು. ಸ್ಟಿಯರಿಂಗ್ ಬಲಗಡೆ. ಅದಕ್ಕೆ ನಾನು ಮನಸ್ಸನ್ನು ತಯಾರು ಮಾಡಿಕೊಂಡಿದ್ದೆ. ಆದರೆ ಇಂಡಿಕೇಟರಿನ ಕಡ್ಡಿಯೂ ವೈಪರಿನ ಕಡ್ಡಿಯೂ ಅದಲುಬದಲಾಗಿರುತ್ತವೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮೋಡವೇ ಇಲ್ಲದ ಬೆಳಗಿನಲ್ಲಿ, ಪ್ರತಿ ತಿರುವಿನಲ್ಲೂ ವೈಪರ್ ಆಡಿಸುತ್ತ ಊರು ದಾಟಿದೆ. ನನ್ನ ಹಿಂದೆ ಬರುತ್ತಿದ್ದವರು ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ದೋಹಾದಿಂದ ಹೋದವನಿಗೆ ಆ ನಿಶ್ಶಬ್ದವೇ ಗಾಬರಿ ಹುಟ್ಟಿಸಿತು.

ಪ್ರವೇಶದ ಗೇಟು ಬಂತು. ಚಿತ್ರದಲ್ಲಿದ್ದಂತೆಯೇ. ಕುರ್ಚಿ ಇಲ್ಲ, ಕೊಡೆ ಇಲ್ಲ, ಒಂದು ಯಂತ್ರ ಟಿಕೆಟನ್ನು ನಾಲಿಗೆಯಂತೆ ಚಾಚಿಕೊಂಡು ನಿಂತಿತ್ತು. ಸೊಂಟದವರೆಗೆ ಕಿಟಕಿಯಿಂದ ಹೊರಬಿದ್ದು ಅದನ್ನು ಕಿತ್ತುಕೊಂಡೆ. ಈಗ ಇಡುವುದೆಲ್ಲಿ? ಜೇಬಿಗೆ ಹಾಕುವಂತಿಲ್ಲ, ಸುಮತಿಯ ಆಜ್ಞೆ. ಸೀಟಿನ ಮೇಲಿಟ್ಟರೆ ಸಂದಿಗೆ ಜಾರುತ್ತದೆ. ಎರಡು ಕೈಯೂ ಸ್ಟಿಯರಿಂಗಿನಲ್ಲಿವೆ, ತೆಗೆಯುವ ಧೈರ್ಯವಿಲ್ಲ. ರೋಲಿಗೆ ಕೊಟ್ಟಿದ್ದರಾಗುತ್ತಿತ್ತು ಎಂದು ನೀವು ಹೇಳುತ್ತೀರಿ. ಅದು ನನಗೂ ಹೊಳೆಯಿತು, ಮಾರನೆಯ ವಾರ. ಆಗ ಮಾತ್ರ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ಕಣ್ಣ ಕೆಳಗೆ ಸದಾ ಕಾಣುತ್ತಲೂ ಇತ್ತು. ಹೀಗೆ ಬಾಯಿ ಮುಚ್ಚಿ ಎರಡು ಗಂಟೆಯ ದಾರಿ ಹೊರಟೆ. ರಸ್ತೆಯೆಂದರೆ ಅದು ರಸ್ತೆ. ಬೆಟ್ಟ ಬಂದರೆ ಬೆಟ್ಟದ ಒಳಗೇ ಹೋಗುತ್ತದೆ, ಕಣಿವೆ ಬಂದರೆ ಮೇಲೆಯೇ ಹೋಗುತ್ತದೆ. ಎರಡೂ ಕಡೆ ಹಸಿರು. ಒಂಬತ್ತು ವರ್ಷ ಮರಳು ಕಂಡ ಕಣ್ಣಿಗೆ ಅಷ್ಟು ಹಸಿರು ಒಟ್ಟಿಗೆ ಕಂಡು ನಿಜವಾಗಿ ಸಂತೋಷವಾಯಿತು. ಇವಳಿಗೊಮ್ಮೆ ತೋರಿಸಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತಿರುವಾಗಲೇ ರೋಲಿ ಹಸಿರು ಬೋರ್ಡು ನೋಡಿ, ‘ಬಾಸ್, ಇದೇ ಅಲ್ಲವೇ ನಮ್ಮ ಎಕ್ಸಿಟ್?’ ಎಂದ. ಹೌದು, ಅದೇ. ಹೌದೆನ್ನಲು ಬಾಯಲ್ಲಿ ಟಿಕೆಟು. ಟಿಕೆಟು ತೆಗೆಯಲು ಕೈ ಬಿಡಬೇಕು. ಕೈ ಬಿಡಲೋ ಬೇಡವೋ ಎಂದು ನಿಶ್ಚಯಿಸಿ, ಎಡಕ್ಕೆಂದು ಕಡ್ಡಿ ಎಳೆದು, ವೈಪರ್ ಆಡಿ, ಅದನ್ನು ನಿಲ್ಲಿಸಿ ತಲೆ ಎತ್ತುವಷ್ಟರಲ್ಲಿ ಎಕ್ಸಿಟ್ ನಮ್ಮ ಹಿಂದೆ ಇತ್ತು.

‘ಪರವಾಗಿಲ್ಲ, ಮುಂದಿನ ರೌಂಡ್‌ಅಬೌಟಿನಲ್ಲಿ ತಿರುಗಿಸೋಣ’ ಎಂದೆ, ಟಿಕೆಟು ಕೈಗೆ ತೆಗೆದುಕೊಂಡು. ಒಂಬತ್ತು ವರ್ಷದ ಅಭ್ಯಾಸ. ದೋಹಾದಲ್ಲಿ ದಾರಿ ತಪ್ಪುವುದು ತಪ್ಪೇ ಅಲ್ಲ, ಇನ್ನೊಂದು ಸುತ್ತು ಅಷ್ಟೇ. ರೋಲಿ ನನ್ನ ಮುಖ ನೋಡಿದ. ಬದಿಗೆ ನಿಲ್ಲಿಸಿ ರಿವರ್ಸ್ ಹೋಗೋಣವೇ ಎಂದೂ ಕೇಳಿದ. ಅವನೂ ದೋಹಾದವನೇ ಅಲ್ಲವೇ. ರಿವರ್ಸ್ ನನಗೆ ಬರುವುದಿಲ್ಲ ಎಂದೆ. ಹೇಳಿ ಮುಗಿದ ಮೇಲೆ ನಾನು ಏನು ಹೇಳಿದೆನೆಂದು ಗಮನಿಸಿದೆ. ಮುಂದಿನ ಗೇಟು ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಹತ್ತು ಗಂಟೆ ಹೊಡೆದದ್ದು ಒಂದು ಸುರಂಗದ ಒಳಗೆ. ಆ ಸುರಂಗದಲ್ಲಿ ನಾನು ಫ್ಯಾಮಿಲಿ ಸ್ಟೇಟಸಿಗೆ ಕೈಮುಗಿದೆ, ಮನಸ್ಸಿನಲ್ಲೇ.

ಗೇಟಿನಲ್ಲಿ ಟೋಪಿ ಹಾಕಿದ ಒಬ್ಬ ಮುದುಕರು ಕೂತಿದ್ದರು. ಹಲ್ಲಿನ ಗುರುತು ಬಿದ್ದು ಒದ್ದೆಯಾದ ಟಿಕೆಟನ್ನು ಎರಡೂ ಕೈಯಲ್ಲಿ ಕೊಟ್ಟೆ. ಪುಸ್ತಕದ ಕೊನೆಯ ಪುಟದಲ್ಲಿ ಅಗತ್ಯ ಬಿದ್ದರೆ ಹೇಳಬೇಕಾದ ಜಪಾನಿ ವಾಕ್ಯಗಳಿದ್ದವು. ನಾನು ಅವನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದೆ, ಒಂದನ್ನು ಬಿಟ್ಟು. ಅದು ಬೇಕಾಗುವುದಿಲ್ಲವೆಂದು ಬಿಟ್ಟಿದ್ದೆ. ಪುಸ್ತಕ ತೆರೆದು ಅದನ್ನೇ ಓದಿದೆ: ‘ಸುಮಿಮಾಸೆನ್, ಮಚಿಗಾಎಮಾಶಿತಾ.’ ಕ್ಷಮಿಸಿ, ನನ್ನಿಂದ ತಪ್ಪಾಯಿತು. ಬೈಗುಳವೋ, ದಂಡವೋ, ಪೊಲೀಸೋ ಎಂದು ಕಾದೆ. ಮುದುಕರು ಟಿಕೆಟು ನೋಡಿದರು, ನನ್ನನ್ನು ನೋಡಿದರು, ಮತ್ತು ತಲೆ ಬಾಗಿಸಿದರು. ಆಮೇಲೆ ಟಿಕೆಟಿನ ಮೇಲೆ ಏನೋ ಮೊಹರು ಒತ್ತಿ, ತಾವೇ ಹೊರಗೆ ಬಂದು, ಬದಿಯ ಸಣ್ಣ ತಡೆಯನ್ನು ಸರಿಸಿ, ಹಿಂದೆ ಹೋಗುವ ದಾರಿಗೆ ನಮ್ಮನ್ನು ಕೈಬೀಸಿ ತಿರುಗಿಸಿದರು. ಹೆಚ್ಚಿನ ಹಣ ಒಂದು ಕಾಸೂ ಕೇಳಲಿಲ್ಲ. ದಾರಿ ತಪ್ಪಿದವರಿಗೆಂದೇ ಅಲ್ಲೊಂದು ದಾರಿ ಮಾಡಿಟ್ಟಿದ್ದರು. ತಪ್ಪಿದೆ ಎಂದು ಹೇಳಿದರೆ ಸಾಕಿತ್ತು. ನನ್ನ ಕಣ್ಣು ಒದ್ದೆಯಾಯಿತು. ಈ ಸಲ ಬೇಕೆಂದೇ ವೈಪರ್ ಹಾಕಿದೆ, ಏನೂ ಪ್ರಯೋಜನವಾಗಲಿಲ್ಲ.

ಎರಡನೆಯ ಕಾರ್ಖಾನೆಗೆ ತಲುಪಿದಾಗ ಮುಕ್ಕಾಲು ಗಂಟೆ ತಡ. ಬಾಗಿಲಲ್ಲೇ ಅಧಿಕಾರಿಯೊಬ್ಬರು ಗಡಿಯಾರ ನೋಡುತ್ತ ನಿಂತಿದ್ದರು. ರೋಲಿ ಪಾಪ, ನನ್ನನ್ನು ಉಳಿಸಲೆಂದು ‘ಸರ್, ಟ್ರಾಫಿಕ್’ ಎಂದು ಶುರುಮಾಡಿದ. ಒಮ್ಮೆ ಆಡಿದ ಮಾತು ಎರಡನೆಯ ಸಲ ಅಷ್ಟು ಭಾರವಾಗುವುದಿಲ್ಲವೆಂದು ಕಾಣುತ್ತದೆ. ‘ಟ್ರಾಫಿಕ್ ಅಲ್ಲ, ನಾನು ಎಕ್ಸಿಟ್ ತಪ್ಪಿಸಿದೆ’ ಎಂದುಬಿಟ್ಟೆ. ಅಧಿಕಾರಿ ಮುಖದಲ್ಲಿ ಒಂದು ಗೆರೆಯೂ ಅಲುಗದೆ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಅದು ವರದಿಯ ಪುಸ್ತಕವೆಂದು ರೋಲಿ ಆಮೇಲೆ ಹೇಳಿದ. ಆ ಭಾನುವಾರ ಸುಮತಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ. ಆಸೆ ಇಟ್ಟುಕೊಳ್ಳಬೇಡ ಎಂದೂ ಹೇಳಿದೆ.

‘ತಪ್ಪಾಯ್ತು ಅಂತ ಹೇಳಿದ್ರಾ? ನೀವಾ? ಬಾಯಿ ಬಿಟ್ಟು?’ ಎಂದಳು.

‘ಹೌದು ಮಾರಾಯ್ತಿ. ಎರಡು ಸಲ.’

‘ಆಯ್ತು. ಹಾಗಾದ್ರೆ ನಾನು ಬೇಜಾರಿಲ್ಲದೆ ಪೆಟ್ಟಿಗೆ ಕಟ್ತೇನೆ’ ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಆ ಫೋನಿನಲ್ಲಿ ತಿಳಿಯಲಿಲ್ಲ.

ದೋಹಾಕ್ಕೆ ಹಿಂದಿರುಗಿದಾಗ ಪೆಟ್ಟಿಗೆ ನಿಜವಾಗಿಯೂ ಕಟ್ಟಿ ಮಂಚದ ಕೆಳಗಿತ್ತು. ವೀಸಾ ಮುಗಿಯಲು ಹನ್ನೆರಡು ದಿನ. ಒಗಾಟಾ ಸಾನ್ ಕರೆದರು. ಮೇಜಿನ ಮೇಲೆ ಫ್ಯಾಕ್ಸಿನಲ್ಲಿ ಬಂದ ವರದಿ. ‘ಶೆಟ್ಟಿ ಸಾನ್, ಇಲ್ಲಿ ಬರೆದಿದೆ: ನಲವತ್ತೈದು ನಿಮಿಷ ತಡ, ಕಾರಣ, ಸ್ವಂತ ತಪ್ಪು.’ ನಾನು ತಲೆ ತಗ್ಗಿಸಿದೆ. ಅವರು ಮುಂದುವರಿಸಿದರು. ಇಲ್ಲಿಂದ ಹೋದವರೆಲ್ಲ ಆ ದಾರಿಯಲ್ಲಿ ಒಮ್ಮೆಯಾದರೂ ತಡವಾಗಿದ್ದಾರೆ. ಎಲ್ಲರ ವರದಿಯಲ್ಲೂ ಕಾರಣ ಟ್ರಾಫಿಕ್. ‘ಆ ರಸ್ತೆಯಲ್ಲಿ ಆ ಹೊತ್ತಿಗೆ ಟ್ರಾಫಿಕ್ ಇರುವುದಿಲ್ಲ. ನಾನು ಇಪ್ಪತ್ತು ವರ್ಷ ಓಡಾಡಿದ್ದೇನೆ. ಬಿಡಿಭಾಗ ಯಾರ ಕೈಯಿಂದಲೂ ತಪ್ಪಿ ಹೋಗಬಹುದು. ತಪ್ಪು ಸೀಲು ಕೊಟ್ಟವನು ಆಗಲೇ ಬಂದು ಹೇಳಿದರೆ ಪಂಪು ಉಳಿಯುತ್ತದೆ. ಆ ಕುರ್ಚಿಗೆ ನನಗೆ ಬೇಕಾಗಿರುವುದು ಅಂಥವನು’ ಎಂದರು. ನಾನು ಅಲ್ಲೇ ಅತ್ತುಬಿಡುತ್ತಿದ್ದೆನೇನೋ, ಅಷ್ಟರಲ್ಲಿ ಅವರು ಎರಡನೆಯ ಹಾಳೆ ತಿರುಗಿಸಿದರು. ‘ರೋಲಿ ಸಾನ್ ಕೂಡ ಒಂದು ವರದಿ ಬರೆದಿದ್ದಾರೆ, ನಿಮ್ಮ ಡ್ರೈವಿಂಗ್ ಬಗ್ಗೆ. ಈ ಹುದ್ದೆಗೆ ಕಂಪನಿಯ ಕಾರು ಕೊಡುವ ಪದ್ಧತಿ ಇದೆ. ನಿಮಗೆ ಕೊಡುವುದಿಲ್ಲ.’ ಆ ಮನುಷ್ಯನ ತುಟಿ ಅಲುಗಿದ್ದನ್ನು ನಾನು ನೋಡಿದೆ. ನಗುವೆಂದೇ ಇಂದಿಗೂ ನಂಬಿದ್ದೇನೆ.

ಸುಮತಿ ಆ ಪೆಟ್ಟಿಗೆ ಹಿಡಿದುಕೊಂಡು ಊರಿಗೆ ಹೋದಳು, ಮತ್ತು ಎರಡು ತಿಂಗಳಲ್ಲಿ ಅದೇ ಪೆಟ್ಟಿಗೆ ಹಿಡಿದು ಕಾಯಂ ವೀಸಾದ ಮೇಲೆ ಮರಳಿದಳು. ಬಂದ ಮೂರನೆಯ ವಾರ, ನನ್ನನ್ನು ಕೇಳದೆ, ಡ್ರೈವಿಂಗ್ ಸ್ಕೂಲಿಗೆ ಹೆಸರು ಕೊಟ್ಟಳು. ಹಮೀದ್ ಬ್ಯಾರಿಗಳು ಅವಳಿಗೆ ಏನೂ ಕಲಿಸಲಿಲ್ಲ. ‘ಇವರಿಗೆ ಬೇಡ’ ಎಂದಷ್ಟೇ ಹೇಳಿದರು. ಮೊದಲ ಪ್ರಯತ್ನದಲ್ಲೇ ಪಾಸಾಗಿ ಬಂದು ಕೀಲಿಕೈಗೆ ಕೈ ಚಾಚಿದಳು, ಕೊಟ್ಟೆ. ಅಂದಿನಿಂದ ನಮ್ಮ ಮನೆಯಲ್ಲಿ ಕಾರು ಓಡಿಸುವುದು ಅವಳೇ. ಶುಕ್ರವಾರ ಅಲ್ ಖೋರ್‌ನ ಸಮುದ್ರ ತೀರಕ್ಕೆ ಹೊರಟರೆ ದಾರಿಯ ರೌಂಡ್‌ಅಬೌಟುಗಳನ್ನೆಲ್ಲ ಅವಳು ಅರ್ಧ ಸುತ್ತಿನಲ್ಲೇ ಮುಗಿಸುತ್ತಾಳೆ. ನಾನು ಕೂರುವುದು ಬಲಗಡೆಯ ಸೀಟಿನಲ್ಲಿ. ಜಪಾನಿನಲ್ಲಿ ಕೂತು ಓಡಿಸಿದ್ದೂ ಬಲಗಡೆಯ ಸೀಟಿನಲ್ಲೇ ಆದ್ದರಿಂದ, ಎದುರಿಗೆ ಲಾರಿ ಕಂಡಾಗಲೆಲ್ಲ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ. ಕಳೆದ ವಾರ ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು, ‘ನೀವು ಆ ಕಾಲು ಸ್ವಲ್ಪ ಸುಮ್ಮನೆ ಇಡ್ತೀರಾ? ಕಾಲಡಿಯ ಮ್ಯಾಟ್ ಇದು ಎರಡನೇದು ಹರಿದದ್ದು.’